ಶಿಕಾಗೊದ ಇಟ್ಟಿಗೆ ಅಜ್ಜ ಮತ್ತು ನಮ್ಮವರ ಜಬಾನು

ಸೊಲ್ಲಾಪುರ

ಶಿಕಾಗೊಗೆ ಹೋಗಿ ಬಂದವರು ಅಲ್ಲಿಯ ಸಮುದ್ರದಂಥ ಸರೋವರದ ಬಗ್ಗೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಒಂದು ಇಟ್ಟಿಗೆ ಗೋಡೆಯ ಬಗ್ಗೆ. ಸರೋವರ ನೋಡಲು ಹೋದ ದಿನ ಗಾಳಿ ಎಷ್ಟು ಜೋರಾಗಿತ್ತೆಂದರೆ ನನ್ನ ಸೆರಗು ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತ್ತು. ಹಾಗಾಗಿ ಸರೋವರದ ವಿಷಯವನ್ನು ಬೇರೆಯವರಿಗೆ ಬಿಟ್ಟಿದ್ದೇನೆ.

ನಾವು ಹೋದದ್ದು ಚಾದರು ಮಾರಲು. ತುರ್ತುಪರಿಸ್ಥಿತಿ ಬರುವುದಕ್ಕೆ ಮುಂಚಿನ ಮಾತು ಇದು. ಸೊಲ್ಲಾಪುರದ ಚಾದರು, ಟವೆಲುಗಳನ್ನು ಅಮೆರಿಕದವರಿಗೆ ತೋರಿಸಲು ಅಲ್ಲೊಂದು ಪ್ರದರ್ಶನ ಏರ್ಪಾಡಾಗಿತ್ತು. ಪೇಟೆಯ ವ್ಯಾಪಾರಿಗಳ ಪೈಕಿ ನಮ್ಮವರ ಹೆಸರು ಬಂತು. ನಮ್ಮವರೆಂದರೆ ನನ್ನ ಗಂಡ ಸಿದ್ರಾಮಪ್ಪನವರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಸಿಟ್ಟಾಗುತ್ತಾರೆ. ಬರುತ್ತದೆ, ಕಿವಿಯಿಂದ ಒಳಗೆ ಹೋಗುತ್ತದೆ, ಬಾಯಿಂದ ಹೊರಗೆ ಮಾತ್ರ ಬರುವುದಿಲ್ಲ. ನಾನು ಕಾಲೇಜಿನಲ್ಲಿ ಎರಡು ವರ್ಷ ಓದಿದವಳು. ದುಭಾಷಿಯಾಗಿ ನಾನೂ ಹೋಗುವುದೆಂದು ಠರಾವಾಯಿತು. ಅವರು ಪೇಟೆಯ ತುಂಬ ಹೇಳಿಕೊಂಡು ತಿರುಗಿದ್ದು ಬೇರೆ: "ರೊಟ್ಟಿ ಬಡಿಯಾಕ ಕರ್ಕೊಂಡ ಹೊಂಟೀನಿ."

ನಮ್ಮವರಿಗೆ ಅಲ್ಲಿ ಚಾದರಿಗಿಂತ ದೊಡ್ಡ ಕೆಲಸವೊಂದಿತ್ತು. ಎತ್ತರದ ಕಟ್ಟಡಗಳು ಮೊದಲು ಎದ್ದ ಊರು ಅದು ಎಂದು ಯಾರೋ ಹೇಳಿ ತಲೆ ಕೆಡಿಸಿದ್ದರು. ಪೇಟೆಯಲ್ಲಿ ಅವರ ಅಜ್ಜ ಕಟ್ಟಿಸಿದ ಮೂರು ಮಾಳಿಗೆಯ ಕಟ್ಟಡ ನಮ್ಮದು. ಕೆಳಗೆ ಅಂಗಡಿ, ಮೇಲೆ ಮನೆ. ಕರಿಕಲ್ಲಿನ ಬುಡ, ಅದರ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಚ್ಚು, ಸಾಗವಾನಿ ಕಂಬಗಳು, ಹಗ್ಗ ಹಿಡಿದು ಹತ್ತಬೇಕಾದ ಮೆಟ್ಟಿಲು. ಅದು ಎದ್ದ ಕಾಲಕ್ಕೆ ಅಷ್ಟೆತ್ತರದ ಅಂಗಡಿ ಪೇಟೆಯಲ್ಲೇ ಇರಲಿಲ್ಲವಂತೆ. ನನ್ನ ತವರು ಮೈಂದರ್ಗಿಯಿಂದ ನಮ್ಮಜ್ಜ ಗಾಡಿ ಕಟ್ಟಿಕೊಂಡು ಅದನ್ನು ನೋಡಲೆಂದೇ ಬಂದು, ಕತ್ತೆತ್ತಿ ನೋಡುತ್ತ ನಿಂತು, ತಲೆಯ ಮೇಲಿನ ಪಟಗ ಕಳೆದುಕೊಂಡು ಹೋದರೆಂದು ಈಗಲೂ ಹೇಳುತ್ತಾರೆ. ಇದನ್ನು ಕೆಡವಿ ಏಳು ಮಾಳಿಗೆಯ ಸಿಮೆಂಟಿನ ಕಟ್ಟಡ, ಅದಕ್ಕೊಂದು ಲಿಫ್ಟು ಎಬ್ಬಿಸುವುದು ನಮ್ಮವರ ಹುಚ್ಚು. ಪಕ್ಕದ ಓಣಿಯಲ್ಲಿ ಒಬ್ಬರು ಐದು ಮಾಳಿಗೆ ಎಬ್ಬಿಸಿದ್ದರು, ಅಷ್ಟೇ ಕಾರಣ.

ನನಗೆ ಅದು ಬೇಡವಾಗಿತ್ತು. ನನ್ನ ಕಾರಣ ನನ್ನದು. ಅಂಗಡಿಯ ಗಾದಿಯ ನೆತ್ತಿಗೆ ಸರಿಯಾಗಿ, ಮರದ ಚಾವಣಿಯಲ್ಲಿ ಒಂದು ಚೌಕ ಕಿಂಡಿ ಇದೆ. ಬುಟ್ಟಿಗೆ ಹಗ್ಗ ಕಟ್ಟಿ ಮೇಲಿನಿಂದ ಚಹಾ ಇಳಿಸಲೆಂದು ಅಜ್ಜ ಮಾಡಿಸಿದ್ದು. ಸೊಸೆಯಾಗಿ ಬಂದ ಮೇಲೆ ಆ ಕಿಂಡಿಯ ಪಕ್ಕ ಕೂತೇ ನಾನು ಅಕ್ಕಿ ಆರಿಸಿದೆ, ಕಾಯಿಪಲ್ಯ ಹೆಚ್ಚಿದೆ, ಕೆಳಗಿನ ವ್ಯಾಪಾರವನ್ನೆಲ್ಲ ಕೇಳಿದೆ. ಯಾರು ಸುಳ್ಳು ಹೇಳುವ ಮುಂಚೆ ಕೆಮ್ಮುತ್ತಾರೆ, ಯಾರು ಎದ್ದು ಹೊರಟಂತೆ ಮಾಡಿ ಬಾಗಿಲಿನಿಂದ ವಾಪಸ್ ಬರುತ್ತಾರೆ ಎನ್ನುವುದು ಗಾದಿಯ ಮೇಲಿದ್ದವರಿಗಿಂತ ನನಗೆ ಚೆನ್ನಾಗಿ ಗೊತ್ತು. ಊಟಕ್ಕೆ ಬಂದಾಗ "ಆ ನೂಲಿನಾಂವನ್ನ ನಂಬಬ್ಯಾಡ್ರಿ" ಎಂದರೆ ನಮ್ಮವರು ಹೂಂ ಎನ್ನುತ್ತಿರಲಿಲ್ಲ, ಮರುದಿನ ನೂಲಿನವನನ್ನು ಬಿಟ್ಟಿರುತ್ತಿದ್ದರು. ಸಿಮೆಂಟಿನ ಸ್ಲ್ಯಾಬಿಗೆ ಯಾರೂ ಕಿಂಡಿ ಇಡುವುದಿಲ್ಲ. ಏಳನೆಯ ಮಾಳಿಗೆಯಲ್ಲಿ ನನ್ನನ್ನು ಕೂರಿಸಿದರೆ ಗಾಳಿಯ ಸದ್ದು ಬಿಟ್ಟು ನನಗೇನೂ ಕೇಳಿಸುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ದೊಡ್ಡವರ ಮನೆಯ ಸೊಸೆ ಕಿಂಡಿಯಿಂದ ವ್ಯಾಪಾರ ಕೇಳುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಆಡದ ಮಾತು.

ಅಕ್ಕಲಕೋಟೆ

ಹೊರಡುವ ಮುಂಚೆ ಅಕ್ಕಲಕೋಟೆಗೆ ಹೋಗಿ ನಮ್ಮವರ ಅಕ್ಕ ಗಂಗಕ್ಕನಿಗೆ ನಮಸ್ಕಾರ ಮಾಡಿ ಬಂದೆವು. ಮಠದಲ್ಲಿ ಹಣೆಗೆ ಅಂಗಾರ ಹಚ್ಚಿಸಿಕೊಂಡು ಅವರ ಮನೆಗೆ ಹೋದರೆ ಅಲ್ಲೂ ನಮ್ಮವರದು ಏಳು ಮಾಳಿಗೆಯ ಪುರಾಣವೇ. ಗಂಗಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ತಮ್ಮಾ, ಕೆಳಗಿನ ನಳಕ್ಕನ ದಿನಾ ನೀರ ಬರಂಗಿಲ್ಲ. ಏಳ ಮಾಳಿಗಿ ಮ್ಯಾಲ ಹೆಂಗ ಏರಸ್ತೀ?"

"ಪಂಪ ಕೂಡಸ್ತೀನಿ."

"ಪಂಪಿಗೆ ಲೈಟ್ ಎಲ್ಲಿಂದ ತರ್ತಿ?"

ನಮ್ಮವರು ಮಾತು ಬದಲಿಸಿ ಚಿವಡಾ ಕೇಳಿದರು.

ಅಷ್ಟರಲ್ಲಿ ಕುರನೂರಿನ ಗವಂಡಿ ಹಣಮಂತ ಬಂದ. ಕಟ್ಟಡ ಕೆಡವುವುದೂ ಕಟ್ಟುವುದೂ ಅವನೇ ಎಂದು ಮಾತಾಗಿತ್ತು. ಆಳುಗಳನ್ನು ಗೊತ್ತು ಮಾಡಬೇಕು, ಈಗಲೇ ಜಬಾನು ಕೊಡಿ ಎಂದು ಅವನ ಹಟ.

"ನಾವು ಊರಿಂದ ಬರೂತನಾ ತಡಿಯೋ," ಎಂದರು ನಮ್ಮವರು. "ಬಂದ ಮ್ಯಾಲ ಮುಂಜಾನಿ ಮಂದಿ ಕರ್ಕೊಂಡ ಅಂಗಡಿ ಮುಂದ ಬಾ. ಅವತ್ತ ಜಬಾನ ಕೊಡ್ತೀನಿ."

ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಪೇಟೆಯಲ್ಲಿ ಕಾಗದ ಪತ್ರ ಆಮೇಲೆ, ಜಬಾನು ಮೊದಲು. ನಾಲ್ಕು ಜನರ ಮುಂದೆ ಬಾಯಿಂದ ಬಿದ್ದ ಮಾತನ್ನು ಮರಳಿ ಎತ್ತಿಕೊಂಡವನಿಗೆ ಮರುದಿನ ಯಾರೂ ಒಂದು ಗೇಣು ನೂಲನ್ನೂ ನಂಬಿ ಕೊಡುವುದಿಲ್ಲ. ಒಮ್ಮೆ ನಮ್ಮವರು ದುಧನಿಯ ಅಡತಿ ಅಂಗಡಿಯಲ್ಲಿ, ಬೇಸಗೆಯ ಮಧ್ಯಾಹ್ನ ಹರಾಜು ನಡೆದಿದ್ದಾಗ, ಕೂತಲ್ಲೇ ತೂಕಡಿಸಿ ತಲೆ ಮುಂದೆ ಬಾಗಿಸಿದರು. ದಲಾಲಿ ಅದನ್ನೇ ಒಪ್ಪಿಗೆ ಎಂದು ತಿಳಿದ. ಎಚ್ಚರವಾದಾಗ ಒಂದು ಗಾಡಿ ಶೇಂಗಾ ನಮ್ಮದಾಗಿತ್ತು. ನಿದ್ದೆ ಬಂದಿತ್ತು ಎನ್ನಬಹುದಿತ್ತು, ಅನ್ನಲಿಲ್ಲ. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಬಂದವರಿಗೆಲ್ಲ ಉಡಿಯಲ್ಲೂ ಶೇಂಗಾ. ಅಂಥ ಮನುಷ್ಯ ಹಣಮಂತನಿಗೆ ಇನ್ನೂ ಜಬಾನು ಕೊಟ್ಟಿಲ್ಲ ಎನ್ನುವುದನ್ನು ನಾನು ಚಿವಡಾ ಹಾಕುತ್ತಲೇ ಗಮನಿಸಿದೆ.

ಶಿಕಾಗೊ, ಬಂದಿಳಿದ ದಿನ

ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವವನು ನನ್ನ ಪೆಟ್ಟಿಗೆ ತೆರೆದು ಕಡಕ್ ರೊಟ್ಟಿಯ ಅಟ್ಟಿಯ ಮುಂದೆ ನಿಂತುಬಿಟ್ಟ. ಒಂದನ್ನು ತೆಗೆದು ಬೆರಳ ಗಿಣ್ಣಿನಿಂದ ತಟ್ಟಿ ನೋಡಿದ. ಟಣ್ ಎಂದಿತು. ಮನೆಯ ಮಾಡಿಗೆ ಹೊದಿಸುವ ಹಂಚೇ ಎಂದು ಕೇಳಿದ. ತಿನ್ನುವುದು ಎಂದೆ. ನಂಬಲಿಲ್ಲ. ಅವನೆದುರೇ ಒಂದು ಚೂರು ಮುರಿದು ಅಗಿದು ತೋರಿಸಿದೆ. ಆ ಸದ್ದಿಗೆ ಹಿಂದಿನ ಸಾಲಿನವರೂ ಇಣುಕಿದರು. ಅವನು ನನ್ನ ಹಲ್ಲುಗಳ ಕಡೆ ಗೌರವದಿಂದ ನೋಡಿ ಪೆಟ್ಟಿಗೆ ಮುಚ್ಚಿದ.

ಪ್ರದರ್ಶನದಲ್ಲಿ ನಮ್ಮ ಚಾದರು ಜನರಿಗೆ ಹಿಡಿಸಿತು, ಆದರೆ ನಾವು ಎಣಿಸಿದ ಹಾಗಲ್ಲ. ಹುಲಿಯ ಚಿತ್ರದ ಚಾದರನ್ನು ಕೊಂಡ ಒಬ್ಬಾಕೆ ಅದನ್ನು ಗೋಡೆಗೆ ಹಾಕುವೆನೆಂದಳು. ಇನ್ನೊಬ್ಬಾಕೆ ನಾಯಿಗೆ ಎಂದಳು. ನಮ್ಮವರು ನನ್ನ ಕಡೆ ತಿರುಗಿ, "ಗ್ವಾಡಿಗೆ ಹೊಚ್ಚತಾರ, ನಾಯಿಗೆ ಹೊಚ್ಚತಾರ, ತಾವ ಮಾತ್ರ ಈ ಥಂಡಿಯಾಗ ಬರೀ ಮೊಣಕಾಲ ಬಿಟ್ಕೊಂಡ ಅಡ್ಯಾಡ್ತಾರ," ಎಂದರು. ನಾನು ಅದನ್ನು ಇಂಗ್ಲಿಷಿಗೆ ತರುವಾಗ "ನಿಮ್ಮ ನಾಯಿ ಅದೃಷ್ಟವಂತ ಎನ್ನುತ್ತಾರೆ" ಎಂದೆ. ಆಕೆ ಖುಷಿಯಾಗಿ ಇನ್ನೊಂದು ಕೊಂಡಳು. ದುಭಾಷಿಯ ಕೆಲಸ ನನಗೆ ಒಗ್ಗತೊಡಗಿತು.

ಡೊರೊತಿ ಸಿಕ್ಕಿದ್ದು ಅಲ್ಲೇ. ಐವತ್ತು ದಾಟಿದ ಹೆಂಗಸು, ಹುಡುಗರ ಹಾಗೆ ಕತ್ತರಿಸಿದ ಕೂದಲು, ಕಾಲಲ್ಲಿ ಕ್ಯಾನ್ವಾಸ್ ಬೂಟು. ಕಟ್ಟಡಗಳ ನಕ್ಷೆ ಮಾಡುವುದು ಆಕೆಯ ಕಸುಬು; ಶನಿವಾರ ಮಾತ್ರ ಹಳೆಯ ಕಟ್ಟಡಗಳನ್ನು ಊರಿನವರಿಗೆ ತೋರಿಸುತ್ತ ಸುತ್ತುವುದು ಹವ್ಯಾಸ. ನಮ್ಮವರು ಎತ್ತರದ ಕಟ್ಟಡ ನೋಡಬೇಕೆಂದು ನನ್ನಿಂದ ಕೇಳಿಸಿದಾಗ ಆಕೆ, "ಎಲ್ಲಕ್ಕಿಂತ ಎತ್ತರದ್ದು ಬೇಕೇ, ಎಲ್ಲಕ್ಕಿಂತ ಮೊದಲಿನದು ಬೇಕೇ?" ಎಂದಳು. ನಮ್ಮವರು ಹೇಳಿದ್ದು ಎತ್ತರದ್ದು. ನಾನು ಹೇಳಿದ್ದು ಮೊದಲಿನದು.

ಇಟ್ಟಿಗೆ ಅಜ್ಜನ ಕಾಲಬುಡ

ಶನಿವಾರ ಆಕೆ ನಮ್ಮನ್ನು ಕರೆದೊಯ್ದ ಕಟ್ಟಡ ನೋಡಿ ನಮ್ಮವರ ಮುಖ ಇಳಿಯಿತು. ಸುತ್ತ ಗಾಜು ಮತ್ತು ಉಕ್ಕಿನ ಕಟ್ಟಡಗಳು ಮೋಡಕ್ಕೆ ತಗಲುವಂತೆ ನಿಂತಿದ್ದವು. ನಡುವೆ ಇದು ಹದಿನಾರು ಅಂತಸ್ತಿನ, ಕಂದು ಬಣ್ಣದ, ಮೈತುಂಬ ಹೊಗೆ ಹಿಡಿದ ಇಟ್ಟಿಗೆಯ ರಾಶಿ. ಕೆತ್ತನೆಯಿಲ್ಲ, ಗೊಂಬೆಯಿಲ್ಲ, ಕಂಬವಿಲ್ಲ. ನಾನು ಅಲ್ಲೇ ಅದಕ್ಕೆ ಇಟ್ಟಿಗೆ ಅಜ್ಜ ಎಂದು ಹೆಸರಿಟ್ಟೆ.

ನೋಡುತ್ತ ನಿಂತರೆ ಅಜ್ಜ ಸಾಮಾನ್ಯನಲ್ಲ ಎಂದು ತಿಳಿಯಿತು. ಗೋಡೆ ನೆಲಕ್ಕೆ ಬರುವಾಗ ಸೀರೆಯ ನೆರಿಗೆಯಂತೆ ತುಸು ಹೊರಕ್ಕೆ ಹರಡಿಕೊಂಡಿತ್ತು. ತುದಿಯಲ್ಲಿ ಮತ್ತೆ ಮೆಲ್ಲಗೆ ಹೊರಬಾಗಿತ್ತು. ನಡುವೆ ಕಿಟಕಿಗಳ ಸಾಲು ಉಬ್ಬಿಕೊಂಡು ಕೆಳಗಿನಿಂದ ಮೇಲಿನವರೆಗೆ ಹೋಗಿತ್ತು. ಒಳಗೆ ಕೂತವರಿಗೆ ಬೀದಿಯ ಎರಡೂ ಕಡೆ ಕಾಣಲಿ ಎಂದು. ಮೂಲೆಗಳಲ್ಲಿ ಇಟ್ಟಿಗೆಯನ್ನು ಕಡಿದಿರಲಿಲ್ಲ, ಆ ಬಾಗಿಗೆಂದೇ ಬೇರೆ ಅಚ್ಚಿನಲ್ಲಿ ಸುಟ್ಟು ತರಿಸಿದ್ದರಂತೆ. ಡೊರೊತಿ ಹೇಳಿದಳು: "ಇದರ ನಂತರ ಬಂದ ಎತ್ತರದ ಕಟ್ಟಡಗಳಿಗೆಲ್ಲ ಒಳಗೆ ಉಕ್ಕಿನ ಮೂಳೆ ಇದೆ, ಗೋಡೆ ಬರಿ ಚರ್ಮ. ಇದಕ್ಕೆ ಮೂಳೆ ಇಲ್ಲ. ತನ್ನ ಭಾರವನ್ನೆಲ್ಲ ತನ್ನ ಗೋಡೆಯ ಮೇಲೇ ಹೊತ್ತಿದೆ."

ಅದಕ್ಕೇ ಬುಡದಲ್ಲಿ ಗೋಡೆ ಅಷ್ಟು ದಪ್ಪ. ಬಾಗಿಲ ಬಳಿ ಗೋಡೆಯೊಳಗೆ ನಮ್ಮವರು ನಿಂತು ಎರಡೂ ಕೈ ಚಾಚಿದರು. ಬೆರಳುಗಳು ಗೋಡೆಯ ಹೊರ ಅಂಚು, ಒಳ ಅಂಚು ಎರಡನ್ನೂ ಕೇವಲ ಮುಟ್ಟಿದವು.

"ನಮ್ಮ ಎತ್ತ ಅಡ್ಡ ಮಲಗಿದ್ರೂ ಹೊರಗ ಬಾಲ ಕಾಣೂದಿಲ್ಲ," ಎಂದರು. ಇದನ್ನು ಇದ್ದ ಹಾಗೇ ಇಂಗ್ಲಿಷಿಗೆ ತಂದೆ. ಡೊರೊತಿ ಬಿದ್ದು ಬಿದ್ದು ನಕ್ಕಳು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಆ ಊರಿನ ನೆಲ ನಮ್ಮ ಎರೆಭೂಮಿಯಂಥದ್ದೇ, ಜಿಗುಟು ಮಣ್ಣು. ಕಟ್ಟುವವರಿಗೆ ಕಟ್ಟಡ ನೆಲದೊಳಗೆ ಕುಸಿಯುತ್ತದೆ ಎಂದು ಮೊದಲೇ ಗೊತ್ತಿತ್ತು, ಎಷ್ಟು ಇಳಿಯಬಹುದೆಂದು ಲೆಕ್ಕ ಹಾಕಿ ಅಷ್ಟು ಎತ್ತರಿಸಿಯೇ ಕಟ್ಟಿದ್ದರು. ಅಜ್ಜ ಅವರ ಲೆಕ್ಕವನ್ನೂ ಮೀರಿ ಕುಸಿದ. ಹತ್ತಿ ಹೋಗಬೇಕಾಗಿದ್ದ ಬಾಗಿಲಿಗೆ ಈಗ ಇಳಿದು ಹೋಗಬೇಕು. ಕುಸಿದರೂ ನೆಟ್ಟಗೇ ಕುಸಿದಿದ್ದಾನೆ, ಎಲ್ಲೂ ವಾಲಿಲ್ಲ. ಸೊಲ್ಲಾಪುರದಲ್ಲಿ ಎರಡು ಮಳೆಗಾಲಕ್ಕೆ ಬಿರುಕು ಬಿಡುವ ಹೊಸ ಬಂಗಲೆಗಳನ್ನು ನೆನೆದು ನಾನು ನಮ್ಮವರ ಕಡೆ ನೋಡಿದೆ. ಅವರು ಆಕಾಶದ ಕಡೆ ನೋಡುತ್ತಿದ್ದರು.

ಒಳಗೆ ಹೋದಾಗ ಆ ಅವಘಡ ನಡೆಯಿತು. ನಮ್ಮ ಹಿಂದೆ ಡೊರೊತಿಯ ಶನಿವಾರದ ಗುಂಪು, ಗಂಡಸರು ಹೆಂಗಸರು ಸೇರಿ ಒಂದು ಬಸ್ಸಿನಷ್ಟು ಜನ ಇದ್ದರು. ಓಣಿಯಂಥ ಉದ್ದ ಹಜಾರದ ನೆಲಕ್ಕೆ ಕೊಳಕು ಲಿನೋಲಿಯಂ ಹಾಸಿತ್ತು. ಬಾಗಿಲ ಹತ್ತಿರ ಮಾತ್ರ ಅದನ್ನು ಕಿತ್ತು ಕೆಳಗಿದ್ದ ಹಳೆಯ ನೆಲವನ್ನು ತೊಳೆದು ತೋರಿಸಿದ್ದರು. ಬೆರಳ ಉಗುರಿನಷ್ಟು ಚಿಕ್ಕ ಚಿಕ್ಕ ಬಿಳಿ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಮಾಡಿದ ನೆಲ. ದೀಪದ ಬೆಳಕಿಗೆ ಅದು ಹಾಲು ಚೆಲ್ಲಿದಂತೆ ಕಂಡಿತು. ನಮ್ಮವರು ಅದನ್ನು ಕಂಡವರೇ, ಯಾವ ಯೋಚನೆಯೂ ಇಲ್ಲದೆ, ಅಂಗಡಿಯ ಗಾದಿ ಹತ್ತುವ ಮುಂಚೆ ಮಾಡುವ ಹಾಗೆ, ಎರಡೂ ಬೂಟು ಕಳಚಿ ಗೋಡೆಗೆ ಒತ್ತಿ ಇಟ್ಟು, ಕಾಲುಚೀಲದಲ್ಲಿ ನೆಲದ ಮೇಲೆ ಹೋಗಿ ನಿಂತರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಹೊಲಿಯಲು ಮರೆತವಳು ನಾನೇ.

ಗುಂಪಿನ ಮುಂದೆ ಒಬ್ಬ ಉದ್ದನೆಯ ಮುದುಕ ಇದ್ದ. ಅವನು ನಮ್ಮವರ ಕಾಲು ನೋಡಿದ, ನೆಲ ನೋಡಿದ, ತಪ್ಪು ಮಾಡಿದವನಂತೆ ಬಗ್ಗಿ ತನ್ನ ಬೂಟಿನ ದಾರ ಬಿಚ್ಚತೊಡಗಿದ. ಅವನ ಹೆಂಡತಿಯೂ ಬಿಚ್ಚಿದಳು. ಆಮೇಲೆ ಎಲ್ಲರೂ. ಈ ನೆಲಕ್ಕೆ ಅದೇ ನಿಯಮ ಎಂದು ಅವರು ತಿಳಿದರು. ನೋಡುನೋಡುತ್ತಿದ್ದಂತೆ ಗೋಡೆಯುದ್ದಕ್ಕೂ ಬೂಟುಗಳ ಸಾಲು, ಹಜಾರದ ತುಂಬ ಕಾಲುಚೀಲದ ಅಮೆರಿಕ. ಡೊರೊತಿಗೆ ನಿಜ ಗೊತ್ತಿತ್ತು. ಆಕೆ ನನ್ನ ಕಡೆ ನೋಡಿದಳು, ನಾನು ಆಕೆಯ ಕಡೆ ನೋಡಿದೆ, ಇಬ್ಬರೂ ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಆಕೆ ತನ್ನ ಕ್ಯಾನ್ವಾಸ್ ಬೂಟನ್ನೂ ಕಳಚಿದಳು. ಗುಂಪಿನೊಡನೆ ಬಂದಿದ್ದ ಪತ್ರಿಕೆಯ ಫೋಟೋದವನು ನೆಲಕ್ಕೆ ಕೂತು ಕಾಲುಗಳ ಫೋಟೋ ತೆಗೆದ.

"ಏನ್ ನಡದದ ಇಲ್ಲಿ?" ಎಂದು ನಮ್ಮವರು ಕೇಳಿದರು.

"ನಿಮಗ ಮರ್ಯಾದಿ ಕೊಡಾಕತ್ತಾರ್ರಿ," ಎಂದೆ. ಅವರು ಎದೆ ಮುಂದೆ ಮಾಡಿ ನಿಂತರು.

ಉಬ್ಬು ಕಿಟಕಿ

ಮೇಲಿನ ಅಂತಸ್ತುಗಳನ್ನು ನೋಡಿ ಮನಸ್ಸು ಕಹಿಯಾಯಿತು. ಅಜ್ಜನಿಗೆ ಸ್ವಂತದ್ದೆಂದು ಇದ್ದ ಚೆಂದವನ್ನೆಲ್ಲ ನಡುವೆ ಬಂದವರು ಮುಚ್ಚಿಹಾಕಿದ್ದರು. ಎತ್ತರದ ಚಾವಣಿಯ ಕೆಳಗೆ ಸುಳ್ಳು ಚಾವಣಿ ತೂಗುಹಾಕಿದ್ದರು. ಹಜಾರಕ್ಕೆ ಬೆಳಕು ಬರಲೆಂದು ಕೋಣೆಗಳಿಗೆ ಹಾಕಿದ್ದ ಗಾಜಿಗೆ ಬಣ್ಣ ಬಳಿದಿದ್ದರು. ಬೀಡುಕಬ್ಬಿಣದ ಮೆಟ್ಟಿಲು ಬಳ್ಳಿಯಂತೆ ಸುತ್ತುತ್ತ ಹದಿನಾರನೆಯ ಅಂತಸ್ತಿಗೆ ಹೋಗಿತ್ತು, ಅದರ ಸುತ್ತ ಹಲಗೆ ಬಡಿದಿದ್ದರು. "ಒಡೆದದ್ದು ಕಡಿಮೆ, ಮುಚ್ಚಿದ್ದು ಹೆಚ್ಚು," ಎಂದಳು ಡೊರೊತಿ. "ಎಲ್ಲವನ್ನೂ ಮತ್ತೆ ತೆಗೆಯಬಹುದು. ಆದರೆ ಮಾಲೀಕ ಇದನ್ನು ಕೆಡವಿ ಗಾಜಿನದು ಕಟ್ಟಬೇಕೆಂದಿದ್ದಾನೆ. ಬರುವ ವಾರ ನಗರಸಭೆಯ ಸಮಿತಿಯ ಮುಂದೆ ವಿಚಾರಣೆ ಇದೆ."

ನಮ್ಮವರು ಲಿಫ್ಟಿನ ಪಂಜರವನ್ನು ಪರೀಕ್ಷೆ ಮಾಡುತ್ತ ಮೇಲೆ ಕೆಳಗೆ ತಿರುಗುತ್ತಿದ್ದರು. ನಾನು ಒಂದು ಉಬ್ಬು ಕಿಟಕಿಯೊಳಗೆ ಕೂತೆ. ಬೀದಿಯ ಮೇಲೆ ತೂಗುತ್ತಿರುವಂತೆ ಅನಿಸಿತು. ಕೆಳಗೆ ಹೋಗುವವರ ಟೋಪಿ, ಕೈಚೀಲ, ಜಗಳ ಎಲ್ಲ ಕಾಣುತ್ತಿತ್ತು. ಇಲ್ಲಿ ಕೂತು ಎಷ್ಟು ಹೆಂಗಸರು ಟೈಪು ಮಾಡುತ್ತ ಊರಿನ ವ್ಯಾಪಾರವನ್ನು ನೋಡಿರಬಹುದು ಎಂದುಕೊಂಡೆ. ನನ್ನ ಕಿಂಡಿ ನೆನಪಾಗಿ ಅಳು ಬಂತು. ಪರದೇಶದಲ್ಲಿ, ಗುರುತಿಲ್ಲದ ಗೋಡೆಗೆ ಒರಗಿ, ಹುಚ್ಚಿಯ ಹಾಗೆ ಅತ್ತೆ. ಡೊರೊತಿ ಏನೆಂದು ಕೇಳಿದಳು. ಊರಲ್ಲಿ ಯಾರಿಗೂ ಹೇಳದ್ದನ್ನು ಆಕೆಗೆ ಹೇಳಿದೆ: ಬುಟ್ಟಿ, ಹಗ್ಗ, ಗಾದಿ, ಏಳು ಮಾಳಿಗೆ, ಹಣಮಂತ, ಎಲ್ಲ. ಆಕೆ ಸಮಾಧಾನ ಮಾಡಲಿಲ್ಲ. ಸ್ವಲ್ಪ ಯೋಚಿಸಿ, "ನಿನ್ನ ಗಂಡ ಸಮಿತಿಯ ಮುಂದೆ ಮಾತಾಡುತ್ತಾರೆಯೇ?" ಎಂದಳು.

ನಗರಸಭೆ

ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ನಡುವೆ ನಮ್ಮವರ ಹೆಬ್ಬೆರಳು, ಸುತ್ತ ಊರಿನವರ ಕಾಲುಗಳು. ಹಳೆಯ ಕಟ್ಟಡಕ್ಕೆ ಬೂಟು ಬಿಚ್ಚಿ ಗೌರವ ಕೊಟ್ಟ ಭಾರತದ ವ್ಯಾಪಾರಿ ಎಂದು ಅದರ ಕೆಳಗೆ ಬರೆದಿದ್ದರು. ಹೋಟೆಲಿನ ಬಾಗಿಲು ಕಾಯುವವನೂ ನಮ್ಮವರಿಗೆ ಸಲಾಮು ಮಾಡಿದ. ಆಮೇಲೆ ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮೈಕ್ ಇರುತ್ತದೆ ಎಂದೆ, ಅಷ್ಟೇ.

ಸಭಾಂಗಣ ತುಂಬಿತ್ತು. ಎತ್ತರದ ಕಟ್ಟೆಯ ಮೇಲೆ ಸಮಿತಿಯವರು, ಎದುರು ಒಂದು ಕಡೆ ಡೊರೊತಿಯ ಕಡೆಯವರು, ಇನ್ನೊಂದು ಕಡೆ ವಕೀಲರ ನಡುವೆ ಕಟ್ಟಡದ ಮಾಲೀಕ. ದಪ್ಪ ಹುಬ್ಬಿನ ಮುದುಕ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಒಬ್ಬನೇ ಎಂಬಂತೆ ಕೂತಿದ್ದ. ನಮ್ಮವರು ಅವನನ್ನು ಕಂಡು, "ಪಾಪ, ಜಾಗಾ ಅವಂದು, ಮಾತ ಊರ ಮಂದೀದು," ಎಂದರು. ಯಾರ ಕಡೆಯಿಂದ ಮಾತಾಡಲು ಬಂದಿದ್ದೇವೆಂಬುದು ಅವರಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ.

ಅವರ ಸರದಿ ಬಂತು. ಮೈಕಿನ ಮುಂದೆ ನಿಂತು ಕನ್ನಡದಲ್ಲಿ, "ನಾವು ಗಾದಿ ಹತ್ತುಮುಂದ ಕಾಲಾಗಿಂದು ಬಿಡ್ತೀವಿ. ಅದು ದುಡಿಯೂ ಜಾಗಾ, ಲಕ್ಷ್ಮಿ ಇರೂ ಜಾಗಾ. ಅಲ್ಲಿ ನೆಲಾ ನೋಡಿ ಹಂಗ ಅನಿಸ್ತು, ಬಿಟ್ಟೆ," ಎಂದರು. ನಾನು ಒಂದಕ್ಷರ ಆಚೀಚೆ ಮಾಡದೆ ಇಂಗ್ಲಿಷಿನಲ್ಲಿ ಹೇಳಿದೆ. ಸಮಿತಿಯವರು ಬರೆದುಕೊಂಡರು. ಅಷ್ಟಕ್ಕೆ ಮುಗಿಯಬೇಕಿತ್ತು.

ಮಾಲೀಕ ಎದ್ದು ನಿಂತ. ವಕೀಲ ತೋಳು ಹಿಡಿದರೂ ಕೊಡವಿಕೊಂಡ. "ನಾನೂ ವ್ಯಾಪಾರಿ, ಅವರೂ ವ್ಯಾಪಾರಿ," ಎಂದ. "ಅವರನ್ನು ಒಂದು ಮಾತು ಕೇಳಬೇಕು. ಈ ಕಟ್ಟಡ ಅವರದಾಗಿದ್ದರೆ ಏನು ಮಾಡುತ್ತಿದ್ದರು?"

ನಾನು ಹೇಳುವ ಮುಂಚೆಯೇ ನಮ್ಮವರಿಗೆ ಪ್ರಶ್ನೆ ತಿಳಿದಿತ್ತು. ಕಣ್ಣು ಹೊಳೆದವು. ನನ್ನ ಕಡೆ ಬಾಗಿ ಹೇಳಿದರು: "ಹಳೇದ ಕೆಡವಿ ಹೊಸಾದ ಕಟ್ತಿದ್ದೆ ಅಂತ ಹೇಳು. ಸೊಲ್ಲಾಪುರದಾಗ ನಮ್ಮಜ್ಜಂದ ಕಟ್ಟಡ ಅದ, ಹೋದ ಕೂಡ್ಲೇ ಅದನ್ನೂ ಕೆಡವಾಂವ ಇದ್ದೀನಿ ಅಂತ ಹೇಳು. ಅವಂಗ ಧೈರ್ಯಾ ಬರ್ಲಿ."

ನನ್ನ ಮುಂದೆ ಒಂದು ಲೋಟ ನೀರಿತ್ತು. ಪೂರ್ತಿ ಕುಡಿದೆ. ಡೊರೊತಿ ಕಾಣುತ್ತಿದ್ದಳು, ಮುದುಕ ಕಾಣುತ್ತಿದ್ದ, ಇಬ್ಬರಿಗಿಂತ ಸ್ಪಷ್ಟವಾಗಿ ಕಿಂಡಿಯಿರುವ ನನ್ನ ಮರದ ನೆಲ ಕಾಣುತ್ತಿತ್ತು. ಮೈಕಿಗೆ ಬಾಯಿಟ್ಟು ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನನ್ನ ಗಂಡ ಹೇಳುತ್ತಾರೆ, ಅವರ ಅಜ್ಜ ಕಟ್ಟಿಸಿದ ಕಟ್ಟಡವೊಂದು ಸೊಲ್ಲಾಪುರದಲ್ಲಿದೆ. ಅದನ್ನು ಅವರು ಕೆಡವುವುದಿಲ್ಲ. ಇದು ಅವರದಾಗಿದ್ದರೆ ಇದನ್ನೂ ಕೆಡವುತ್ತಿರಲಿಲ್ಲ."

ಚಪ್ಪಾಳೆ ಬಿತ್ತು. ನಮ್ಮವರು ನನ್ನನ್ನೇ ನೋಡುತ್ತಿದ್ದರು. ಕಿವಿಯಿಂದ ಒಳಗೆ ಹೋಗುವ ಇಂಗ್ಲಿಷ್ ಪೂರ್ತಿ ಹೋಗಿತ್ತು. ಅಷ್ಟರಲ್ಲಿ ಮುದುಕ ಸಭಾಂಗಣ ದಾಟಿ ಬಂದು ಅವರ ಮುಂದೆ ನಿಂತು ಕೈ ಚಾಚಿದ. "ಇದು ವ್ಯಾಪಾರಿಯ ಮಾತೇ?" ಎಂದ. ವ್ಯಂಗ್ಯವಿರಲಿಲ್ಲ, ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.

ನೋ ಎನ್ನುವುದು ಬಲು ಸುಲಭದ ಮಾತು. ಅದನ್ನು ಹೇಳಲು ದುಭಾಷಿ ಬೇಕಿಲ್ಲ. ನಮ್ಮವರು ಆ ಕೈಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು, ಕೈ ಹಿಡಿದರು.

"ಎಸ್," ಎಂದರು.

ಹೋಟೆಲು, ಆಮೇಲೆ ವಿಮಾನ

ಹೋಟೆಲಿಗೆ ಬಂದೆವು. ರೊಟ್ಟಿ ಮುಂದಿಟ್ಟೆ, ಶೇಂಗಾ ಚಟ್ನಿ ಹಾಕಿದೆ. ಚಟ್ನಿ ನೋಡಿ ಇನ್ನಷ್ಟು ಗಂಭೀರರಾದರು.

"ಯಾಕ ಹಂಗ ಹೇಳಿದಿ?"

ಈಗ ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನನಗ ಆ ಕಿಂಡಿ ಬೇಕ್ರಿ," ಎಂದೆ. "ಅದರಾಗಿಂದ ಕೇಳೂದನ್ನ ಬಿಟ್ರ ನನಗ ಆ ಮನ್ಯಾಗ ಏನ ಅದ? ಏಳನೇ ಮಾಳಿಗಿ ಮ್ಯಾಲ ಕುಂತು ನಾ ಏನ ಮಾಡ್ಲಿ?"

ಅವರು ರೊಟ್ಟಿ ಮುರಿಯುತ್ತಲೇ ಇದ್ದರು, ಬಾಯಿಗೆ ಹಾಕಲಿಲ್ಲ. ನಾನು ಕೇಳಿದೆ, "ನೀವು ಯಾಕ ಎಸ್ ಅಂದ್ರಿ?"

"ಮತ್ತೇನ ಅನ್ಲಿ? ಅಷ್ಟ ಮಂದಿ ಮುಂದ ನನ್ನ ಹೇಣ್ತಿ ಸುಳ್ಳ ಹೇಳಿದ್ಲು ಅನ್ಲೇನು?"

ಮದುವೆಯಾದ ಮೇಲೆ ಅವರು ನನಗೆ ಹೇಳಿದ ಮಾತುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಅದನ್ನು ಅವರಿಗೆ ಹೇಳಿದ್ದರೆ ವಾಪಸ್ ತೆಗೆದುಕೊಳ್ಳುತ್ತಿದ್ದರೇನೋ, ಹೇಳಲಿಲ್ಲ. ಆದರೂ ಪೇಟೆಯ ಜಬಾನು ಪೇಟೆಯಲ್ಲಿ ನಿಲ್ಲುತ್ತದೆ, ಸಮುದ್ರದಾಚೆಯದು ನಿಲ್ಲುತ್ತದೆಯೇ ಎಂಬ ಅಂಜಿಕೆ ನನಗೆ ವಿಮಾನದಲ್ಲೆಲ್ಲ ಇತ್ತು. ನಮ್ಮವರು ಪಕ್ಕದಲ್ಲಿ ಕೂತು ಏನೋ ಲೆಕ್ಕ ಹಾಕುತ್ತ ನಡುನಡುವೆ ತಮ್ಮಷ್ಟಕ್ಕೆ ನಗುತ್ತಿದ್ದರು. ಆ ನಗು ನನಗೆ ಸರಿ ಕಾಣಲಿಲ್ಲ.

ಇಟ್ಟಿಗೆ ಅಜ್ಜನ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಸಮಿತಿ ಕೂಡಲೇ ಏನೂ ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ, ಕೆಡವಕೂಡದು ಎಂದಾಯಿತು. ಆ ಮಾಲೀಕ ಮುದುಕನೇ ಲಿನೋಲಿಯಂ ಕಿತ್ತಿಸಿ ಹಜಾರದ ಉದ್ದಕ್ಕೂ ಬಿಳಿ ನೆಲ ತೆರೆಸಿದನೆಂದು ಡೊರೊತಿ ತಿಳಿಸಿದಳು. ಈಗ ಅಲ್ಲಿ ಯಾರೂ ಬೂಟು ಬಿಚ್ಚುವುದಿಲ್ಲವಂತೆ.

ಮತ್ತೆ ಪೇಟೆ

ನಾವು ಬಂದ ಸುದ್ದಿ ತಿಳಿದ ಮರುದಿನ ಮುಂಜಾನೆಯೇ ಹಣಮಂತ ಗುದ್ದಲಿ, ಪಿಕಾಸಿ, ಆಳುಗಳ ಸಮೇತ ಅಂಗಡಿಯ ಮುಂದೆ ಹಾಜರಾದ. ಶಿಕಾಗೊದ ಕಥೆ ಕೇಳಲು ಪೇಟೆಯವರೂ ನೆರೆದಿದ್ದರು. ಆಚೆ ಅಂಗಡಿಯವರು "ಕಾಯ್ ಸಿದ್ರಾಮಪ್ಪಾ, ಲಿಫ್ಟ್ ಆಣ್ಲೀ ಕಾ?" ಎಂದು ಮರಾಠಿಯಲ್ಲಿ ಕೇಳಿ, ಲಿಫ್ಟು ತಂದೆಯಾ ಎಂದು ತಮಾಷೆ ಮಾಡುತ್ತಿದ್ದರು. ನಾನು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ.

"ಮಾಲಕ, ಜಬಾನ ಕೊಡ್ರಿ. ಸುರು ಮಾಡ್ತೀವಿ," ಎಂದ ಹಣಮಂತ.

ನಮ್ಮವರು ಗಾದಿಯಿಂದ ಎದ್ದು ಕಲ್ಲಿನ ಕಟ್ಟೆಗೆ ಬಂದು ನಿಂತರು. "ಕೆಡವೂದಿಲ್ಲ," ಎಂದರು.

"ಯಾಕ್ರಿ?"

"ಜಬಾನ ಕೊಟ್ಟ ಬಂದೀನಿ. ಶಿಕಾಗೋದಾಗ, ಊರ ಮಂದಿ ಮುಂದ."

ಒಬ್ಬರೂ ನಗಲಿಲ್ಲ. ಶಿಕಾಗೊ ಎಲ್ಲಿದೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಜಬಾನು ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿದೆ. ಆಗ ಕೆಳಗಿನಿಂದ ಅವರ ದನಿ ಬಂತು: "ಏ, ಸ್ವಲ್ಪ ಕೆಳಗ ಬಾ."

ಸೊಸೆಯಾಗಿ ಬಂದ ಮೇಲೆ ಪೇಟೆ ನೆರೆದಾಗ ನಾನು ಆ ಕಟ್ಟೆಯ ಮೇಲೆ ನಿಂತದ್ದಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಹಗ್ಗ ಹಿಡಿದು ಇಳಿದು ಬಂದೆ. ನಮ್ಮವರು ನನ್ನ ಕಡೆ ನೋಡದೆ, ಪೇಟೆಗೆಲ್ಲ ಕೇಳುವಂತೆ ಹೇಳಿದರು:

"ಗ್ವಾಡಿ ಬಿರಕ ಬಿಟ್ಟಾವ, ಮ್ಯಾಲಿನ ಮಾಳಿಗಿ ಸೋರತದ, ಎರಡ ಕಂಬಕ್ಕ ಹುಳಾ ಹತ್ಯಾವ. ಉಳಸೂದಂದ್ರ ರಿಪೇರಿ ಆಗಬೇಕು. ಅದಕ್ಕ ನಮ್ಮ ಮನಿಯಾಕಿ ಜಬಾನ ಕೊಟ್ಟಾಳ. ಗಚ್ಚು, ಕಟಗಿ, ಆಳು, ಎಲ್ಲಾ ಆಕಿನ ಮುಂದ ನಿಂತು ಮಾಡಸ್ತಾಳ. ಇನ್ನ ಮ್ಯಾಲ ಕಟ್ಟಡದ ಮಾತ ಏನಿದ್ರೂ ಆಕಿಗೇ ಕೇಳ್ರಿ, ನನಗ ಕೇಳಬ್ಯಾಡ್ರಿ."

ನಾನು ಅಂಥ ಮಾತು ಎಂದೂ ಆಡಿರಲಿಲ್ಲ. ಗಚ್ಚಿಗೆ ಸುಣ್ಣ ಎಷ್ಟು, ಮರಳು ಎಷ್ಟು ಎಂಬುದೂ ನನಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದೆ. ವಿಮಾನದಲ್ಲಿ ಕಂಡ ಆ ನಗು ಮೀಸೆಯ ಕೆಳಗೆ ಅಡಗಿತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು, ಅಂಜಿಕೆ ಎರಡಕ್ಕಿಂತ ಹೆಚ್ಚು ಬಂತು. ಪೇಟೆಯೆಲ್ಲ ನನ್ನ ಕಡೆ ತಿರುಗಿತ್ತು. ಹಣಮಂತ ಪಿಕಾಸಿಯನ್ನು ಹೆಗಲಿನಿಂದ ಇಳಿಸಿದ.

"ಖರೇ ಏನ್ರಿ, ಅವ್ವಾರ?"

ಅಲ್ಲ ಎನ್ನುವುದೂ ಸುಲಭದ ಮಾತೇ ಆಗಿತ್ತು. ನಮ್ಮವರು ಬೇರೆ ಕಡೆ ನೋಡುತ್ತಿದ್ದರು, ಆದರೆ ಉಸಿರು ಹಿಡಿದು ನಿಂತಿದ್ದು ನನಗೆ ಕಂಡಿತು.

"ಖರೇ," ಎಂದೆ. "ನಾಳಿ ಮುಂಜಾನಿ ಬರ್ರಿ. ಬರುಮುಂದ ಪಿಕಾಸಿ ಬ್ಯಾಡ, ಸುಣ್ಣಾ ತರ್ರಿ."

ಹಣಮಂತ ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡ. ನಮ್ಮ ಪೇಟೆಯಲ್ಲಿ ಜಬಾನು ತೆಗೆದುಕೊಳ್ಳುವುದು ಹಾಗೆ. ನನ್ನಿಂದ ಅದನ್ನು ಅದುವರೆಗೆ ಯಾರೂ ತೆಗೆದುಕೊಂಡಿರಲಿಲ್ಲ.